ನೀಲಿ ಡಿರ್ಂಡಲ್ ಹೊಲಿದದ್ದು: ಒಳಭಾಗದ ಕೆಲಸವೇ ಜಾಸ್ತಿ

ಡಿರ್ಂಡಲ್ ಅಂದರೆ ಜರ್ಮನಿ, ಆಸ್ಟ್ರಿಯಾದ ಆಲ್ಪ್ಸ್ ಸೀಮೆಯ ಹೆಂಗಸರ ಉಡುಪು: ಬಿಗಿ ಕುಪ್ಪಸ, ನೆರಿಗೆ ಲಂಗ, ಮುಂದೊಂದು ಏಪ್ರನ್. ಅದು ಚೆನ್ನಾಗಿದೆಯೋ ಇಲ್ಲವೋ ತಿಳಿಯಬೇಕಾದರೆ ಮೊದಲು ಅದನ್ನು ಒಳಮಗ್ಗುಲಿಗೆ ತಿರುವಿ ನೋಡಬೇಕು. ಹೊರಗಿನಿಂದ ಎಲ್ಲವೂ ಚೆಂದವೇ. ಅಕ್ಟೋಬರ್‌ಫೆಸ್ಟ್ ಬಿಯರ್ ಹಬ್ಬ ಹತ್ತಿರ ಬಂತೆಂದರೆ ಮ್ಯೂನಿಕ್‌ನಲ್ಲಿ ಅಗ್ಗದ ಪಾಲಿಯೆಸ್ಟರ್ ಡಿರ್ಂಡಲ್‌ಗಳ ರಾಶಿಯೇ ಬಂದು ಬೀಳುತ್ತದೆ. ಒಳಗೆ ನೋಡಿದರೆ ಅರ್ಧ ಸೆಂ.ಮೀ. ಮಾರ್ಜಿನ್, ಅದರ ಮೇಲೊಂದು ಓವರ್‌ಲಾಕ್ (ಅಂಚು ಬಿಚ್ಚದ ಹಾಗೆ ಹಾಕುವ ಮಿಷನ್ ಹೊಲಿಗೆ), ಅಷ್ಟೇ. ಮೈ ಸ್ವಲ್ಪ ತುಂಬಿಕೊಂಡರೆ ಆ ಉಡುಪಿನ ಕತೆ ಮುಗಿದ ಹಾಗೆ. ಹಳೆಯ ಕ್ರಮದಲ್ಲಿ ಕೈಯಿಂದ ಹೊಲಿದ ಡಿರ್ಂಡಲ್ ಹಾಗಲ್ಲ. ಅದನ್ನು ಹೊಲಿಯುವಾಗಲೇ ಮುಂದೆ ಬಿಚ್ಚಬೇಕಾಗುತ್ತದೆ ಅಂತ ಲೆಕ್ಕ ಹಾಕಿರುತ್ತಾರೆ. ನನಗೆ ಬೇಕಾಗಿದ್ದದ್ದು ಅಂಥದ್ದು.

ಮೊದಲೇ ಒಂದು ಮಾತು. ಇದು ಯಾವುದೇ ಊರಿನ 'ಟ್ರಾಖ್ಟ್', ಅಂದರೆ ಸಾಂಪ್ರದಾಯಿಕ ಉಡುಪು, ಅಲ್ಲ. ಜರ್ಮನಿಯಲ್ಲಿ ಆಯಾ ಸೀಮೆಯ ಉಡುಪಿಗೆ ಆಯಾ ಸೀಮೆಯ ಕಟ್ಟುಪಾಡು ಇದೆ. ಕಪ್ಪು ಕಾಡಿನ (ಬ್ಲ್ಯಾಕ್ ಫಾರೆಸ್ಟ್) ಗುಟಾಖ್ ಕಣಿವೆಯಲ್ಲಿ ಮದುವೆಯಾಗದ ಹುಡುಗಿಯರ ಟೋಪಿಯ ಮೇಲೆ 14 ಉಣ್ಣೆ ಉಂಡೆಗಳು ಕೆಂಪು, ಮದುವೆಯಾದವರದ್ದು ಕಪ್ಪು. ಹೆಸ್ಸನ್‌ನ ಶ್ವಾಲ್ಮ್ ಸೀಮೆಯಲ್ಲಿ ಎಳೆಯರಿಗೆ ಕೆಂಪು, ವಯಸ್ಸಾದಂತೆ ಬಣ್ಣ ಬದಲಾಗುತ್ತಾ ಹೋಗಿ ಕೊನೆಗೆ ಕಪ್ಪು. ಬವೇರಿಯಾದ ಆಲ್ಪ್ಸ್ ಬುಡದಲ್ಲಿ ಟ್ರಾಖ್ಟ್ ಸಂಘಗಳು ಇನ್ನೂ ಗಟ್ಟಿಯಾಗಿವೆ. ಅಂಥ ಮೊದಲ ಸಂಘವನ್ನು 1883ರಲ್ಲಿ ಬೈರಿಷ್‌ತ್ಸೆಲ್ ಊರಿನ ಶಾಲಾ ಮೇಷ್ಟ್ರು ಯೋಸೆಫ್ ಫೋಗ್ಲ್ ಕಟ್ಟಿದರು. ಆ ಉಡುಪಿನ ಕಾಲರ್ ಎಷ್ಟಗಲ, ಟೋಪಿಗೆ ಯಾವ ಗರಿ ಅನ್ನುವುದನ್ನೆಲ್ಲ ಸಂಘವೇ ತೀರ್ಮಾನಿಸುತ್ತದೆ. ನಾನು ಆ ಸಂಘದವಳಲ್ಲ, ಆ ಕಣಿವೆಯವಳೂ ಅಲ್ಲ. ಸುಮ್ನೆ ಅವರ ಹಬ್ಬದ ಉಡುಪನ್ನು ನಕಲು ಮಾಡುವುದು ನನಗೆ ಸರಿ ಕಾಣಲಿಲ್ಲ. ಹಾಗಾಗಿ 'ವಾಶ್‌ಡಿರ್ಂಡಲ್' ಆರಿಸಿಕೊಂಡೆ. ಅಂದರೆ ದಿನಬಳಕೆಯ, ಒಗೆದು ಒಣಗಿಸಿ ಮತ್ತೆ ಹಾಕಿಕೊಳ್ಳುವ ಹತ್ತಿ ಡಿರ್ಂಡಲ್. ಬೆಳ್ಳಿ ಸರಪಳಿ ಇಲ್ಲ, ರೇಷ್ಮೆ ಇಲ್ಲ.

ಬಟ್ಟೆ

ಲಂಗಕ್ಕೆ ಬ್ಲೌಡ್ರುಕ್, ಅಂದರೆ ನೀಲಿ ಅಚ್ಚಿನ ಬಟ್ಟೆ. ಕಡು ನೀಲಿ ನೆಲದ ಮೇಲೆ ಸಣ್ಣ ಬಿಳಿ ಹೂಗಳು. ಇದನ್ನು ಮಾಡುವ ರೀತಿ ನೋಡುವಂಥದ್ದು. ಬಿಳಿ ಬಟ್ಟೆಯ ಮೇಲೆ ಮರದ ಅಚ್ಚಿನಿಂದ 'ಪಾಪ್' ಅನ್ನುವ ಅಂಟಾದ ಸರಿಯನ್ನು ಒತ್ತುತ್ತಾರೆ. ಜೇಡಿಮಣ್ಣು, ಅರಬ್ಬೀ ಗೋಂದು, ಇನ್ನೂ ಏನೇನೋ ಸೇರಿದ ಸರಿ ಅದು. ಪಾಕ ಒಂದೊಂದು ಮನೆಯದು ಒಂದೊಂದು, ಯಾರೂ ಪೂರ್ತಿ ಬಿಟ್ಟುಕೊಡುವುದಿಲ್ಲ. ಆ ಸರಿ ಚೆನ್ನಾಗಿ ಒಣಗಿದ ಮೇಲೆ ಬಟ್ಟೆಯನ್ನು ನೀಲಿಯ (ಇಂಡಿಗೋ) ತೊಟ್ಟಿಗೆ ಇಳಿಸುತ್ತಾರೆ. ಮೇಲೆತ್ತಿದಾಗ ಅದು ಹಳದಿ ಹಸಿರು. ಗಾಳಿ ತಾಗಿದ ಮೇಲೆ ನೀಲಿಗೆ ತಿರುಗುತ್ತದೆ. ಬಣ್ಣ ಗಾಢವಾಗಬೇಕಾದರೆ ಮತ್ತೆ ಮತ್ತೆ ಮುಳುಗಿಸಬೇಕು. ಕೊನೆಗೆ ತೆಳು ಆಮ್ಲದಲ್ಲಿ ಸರಿಯನ್ನು ತೊಳೆದರೆ ಕೆಳಗಿನ ಬಿಳಿ ಕಾಣುತ್ತದೆ. 2018ರಲ್ಲಿ ಜರ್ಮನಿ, ಆಸ್ಟ್ರಿಯಾ, ಚೆಕ್, ಸ್ಲೊವಾಕಿಯಾ, ಹಂಗರಿ ಐದೂ ದೇಶಗಳ ಈ ಕಸುಬನ್ನು ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿತು.

ಇಲ್ಲಿ ನಮ್ಮ ದೇಶದ ಕತೆಯೂ ಸ್ವಲ್ಪ ಬರುತ್ತದೆ. ಮೊದಲು ಜರ್ಮನರು ನೀಲಿ ತೆಗೆಯುತ್ತಿದ್ದದ್ದು ವೈಡ್ ಗಿಡದ ಎಲೆಯಿಂದ. ಎರ್‌ಫುರ್ಟ್ ನಗರ ಶ್ರೀಮಂತವಾದದ್ದೇ ಆ ವ್ಯಾಪಾರದಿಂದ. ಹಡಗುಗಳಲ್ಲಿ ಭಾರತದ ನೀಲಿ ಬಂದಿಳಿಯತೊಡಗಿದಾಗ ಅವರಿಗೆ ದಿಗಿಲಾಯಿತು. 1577ರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಕಾನೂನೇ ಅದನ್ನು ಸೈತಾನನ ಬಣ್ಣ ಎಂದು ಕರೆದು ನಿಷೇಧಿಸಿತು. ನಿಷೇಧ ನಿಲ್ಲಲಿಲ್ಲ, ವೈಡ್ ಸೋತಿತು. ಆಮೇಲೆ 1897ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿ ಕಾರ್ಖಾನೆ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಈ ಸಲ ಸೋತದ್ದು ನಮ್ಮ ನೀಲಿ ಬೆಳೆ. ನನ್ನ ಲಂಗದ ಬಟ್ಟೆಯ ಬಣ್ಣವೂ ಕಾರ್ಖಾನೆಯದ್ದೇ, ಅಚ್ಚು ಮಾತ್ರ ಕೈಯದ್ದು.

ಕೈಯಚ್ಚು ಅನ್ನುವುದನ್ನು ಗುರುತಿಸುವುದು ಸುಲಭ. ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದರೆ ಒಂದು ಅಚ್ಚು ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ ಸೂಜಿ ಮೊನೆಯಷ್ಟು ಬಿಳಿ ಚುಕ್ಕಿಗಳು ಕಾಣುತ್ತವೆ. ಅಚ್ಚಿನ ಮೂಲೆಯಲ್ಲಿ ಗುರುತಿಗೆ ಹೊಡೆದ ಮೊಳೆಗಳ ಗುರುತು ಅದು. ಒಂದೆರಡು ಕಡೆ ಹೂವಿನ ಎಸಳು ಎಳೆಯಷ್ಟು ಪಕ್ಕಕ್ಕೆ ಸರಿದಿರುತ್ತದೆ. ಯಂತ್ರದ ಅಚ್ಚಿನಲ್ಲಿ ಇವು ಯಾವುದೂ ಸಿಗುವುದಿಲ್ಲ.

ಬಟ್ಟೆಯ ಅಗಲ 80 ಸೆಂ.ಮೀ. ಕತ್ತರಿಸುವ ಮೊದಲು ತಣ್ಣೀರಿನಲ್ಲಿ ಬೇರೆಯಾಗಿ ಒಗೆದೆ. ನೀರು ತಿಳಿಯಾಗುವ ತನಕ ಒಗೆಯಬೇಕು. ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನೀಲಿಯ ವಿಷಯದಲ್ಲಿ ಅದರಿಂದ ಏನೂ ಆಗುವುದಿಲ್ಲ. ನೀಲಿ ನೂಲಿನ ಮೇಲ್ಮೈಯಲ್ಲಿ ಪದರವಾಗಿ ಕೂತಿರುತ್ತದೆ, ಸಡಿಲವಾದದ್ದು ಹೋಗಲೇಬೇಕು. ಮೊದಲೇ ಹೋದರೆ ಬಿಳಿ ಬ್ಲೌಸ್ ಉಳಿಯುತ್ತದೆ.

ಲೈಬ್, ಅಂದರೆ ಮೇಲಿನ ಕುಪ್ಪಸ

ಹೊರಗೆ ಕಡು ನೀಲಿ ಲಿನನ್, ಒಳಗೆ ಗಟ್ಟಿ ಹತ್ತಿ ಟ್ವಿಲ್. ಮೊದಲು ಕೋರಾ ಬಟ್ಟೆಯಲ್ಲಿ ಒಂದು ಮಾದರಿ ಹೊಲಿದು, ಹಾಕಿಕೊಂಡು, ಗುಂಡುಸೂಜಿ ಚುಚ್ಚಿ ಸರಿ ಮಾಡಿದೆ. ಈ ಹಂತದಲ್ಲಿ ಜಿಪುಣತನ ಬೇಡ. ಲೈಬ್ ಮೈಗೆ ಕೈಗವಸಿನ ಹಾಗೆ ಕೂರಬೇಕು, ಆದರೆ ಕೂತು ಊಟ ಮಾಡುವುದಕ್ಕೂ ಆಗಬೇಕು.

ಬೆನ್ನಿನ ಕಡೆ ಎರಡು ಬಾಗಿದ ಜೋಡಣೆಗಳು ತೋಳಿನ ಕಂಕುಳಿಂದ ಸೊಂಟದ ನಡುವಿಗೆ ಇಳಿಯುತ್ತವೆ. ಭುಜದ ಹೊಲಿಗೆ ಭುಜದ ಮೇಲಲ್ಲ, ಸ್ವಲ್ಪ ಹಿಂದೆ. ಈ ಬಾಗಿದ ಹೊಲಿಗೆಗಳಲ್ಲಿ ಪೈಪಿಂಗ್ ಕೂರಿಸುವುದು ರೂಢಿ. ನಾನು ಇಟ್ಟಿಗೆ ಕೆಂಪು ಹತ್ತಿ ಬಟ್ಟೆಯನ್ನು ಓರೆಯಾಗಿ 3 ಸೆಂ.ಮೀ. ಪಟ್ಟಿಗಳಾಗಿ ಕತ್ತರಿಸಿ, ಒಳಗೆ 2 ಮಿ.ಮೀ. ಹುರಿ ಇಟ್ಟು ಮಡಚಿದೆ. ಜಿಪ್ ಫುಟ್ ಹಾಕಿ ಹುರಿಗೆ ಒತ್ತಿ ಹೊಲಿದರೆ ಗೆರೆ ಚೂಪಾಗಿ ಬರುತ್ತದೆ. ಕೆಂಪಿನ ಆ ಸಣ್ಣ ಗೆರೆ ಇಡೀ ಬೆನ್ನನ್ನು ಎತ್ತಿ ತೋರಿಸುತ್ತದೆ.

ಈಗ ಒಳಗಿನ ವಿಷಯ. ರೆಡಿಮೇಡ್ ಉಡುಪಿನಲ್ಲಿ ಲೈನಿಂಗ್ ಬೇರೆ ಹೊಲಿದು, ಒಳಗೆ ತಿರುಗಿಸಿ, ಎಲ್ಲವನ್ನೂ ಮುಚ್ಚಿಬಿಡುತ್ತಾರೆ. ಹಳೆಯ ಕ್ರಮ ಬೇರೆ. ಪ್ರತಿ ತುಂಡಿಗೂ ಹೊರಬಟ್ಟೆ, ಒಳಬಟ್ಟೆ ಎರಡನ್ನೂ ಮೊದಲೇ ಕಚ್ಚಾ ಹೊಲಿಗೆಯಿಂದ ಜೋಡಿಸಿಕೊಂಡು, ಆಮೇಲೆ ಒಂದೇ ಬಟ್ಟೆ ಅನ್ನುವ ಹಾಗೆ ಹೊಲಿಯಬೇಕು. ಹೊಲಿಗೆಯ ಅಂಚುಗಳು ಒಳಗೆ ಕಾಣುತ್ತಲೇ ಇರುತ್ತವೆ. ನೋಡುವುದಕ್ಕೆ ಅಷ್ಟು ನಾಜೂಕಲ್ಲ. ಆದರೆ ಮಗ್ಗುಲಿನ ಹೊಲಿಗೆಯನ್ನು ನಾಳೆ ಬಿಚ್ಚಬೇಕಾದರೆ ಲೈನಿಂಗ್ ಕೀಳುವ ಗೋಜಿಲ್ಲ. ಮಗ್ಗುಲಲ್ಲಿ 3 ಸೆಂ.ಮೀ. ಮಾರ್ಜಿನ್ ಬಿಟ್ಟೆ. ಎರಡು ಮಗ್ಗುಲು, ಎರಡೆರಡು ಅಂಚು. ಅಂಚಿಗೆ 1 ಸೆಂ.ಮೀ. ಉಳಿಸಿಕೊಂಡರೂ ಒಟ್ಟು 8 ಸೆಂ.ಮೀ. ತನಕ ದೊಡ್ಡದು ಮಾಡಬಹುದು. ಅಂಚುಗಳಿಗೆ ಕೈಯಲ್ಲೇ ಸುತ್ತು ಹೊಲಿಗೆ ಹಾಕಿದೆ, ಓವರ್‌ಲಾಕ್ ಹಾಕಿದರೆ ದಪ್ಪವಾಗಿ ಹೊರಗೆ ಅಚ್ಚು ಬೀಳುತ್ತದೆ.

ಕತ್ತಿನ ಆಕಾರದ ಬಗ್ಗೆ ಜಾಸ್ತಿ ಯೋಚನೆ ಮಾಡಿದೆ. ಈಗ ಅಂಗಡಿಯಲ್ಲಿ ಸಿಗುವ ಆಳದ ಕತ್ತು ಇತ್ತೀಚಿನ ಫ್ಯಾಷನ್. ಡಿರ್ಂಡಲ್ ಶುರುವಾದದ್ದು ಹೊಲ, ಅಡುಗೆಮನೆಯ ಕೆಲಸದ ಉಡುಪಾಗಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬೇಸಿಗೆ ಕಳೆಯಲು ಆಲ್ಪ್ಸ್‌ಗೆ ಬಂದ ಪೇಟೆಯ ಹೆಂಗಸರು ಅದನ್ನು ಇಷ್ಟಪಟ್ಟು ಹಾಕಿಕೊಂಡರು. ಅದನ್ನು ಪೇಟೆಯ ಫ್ಯಾಷನ್ ಮಾಡಿದವರಲ್ಲಿ ಮುಖ್ಯರು ಯೂಲಿಯುಸ್ ಮತ್ತು ಮೋರಿಟ್ಸ್ ವಾಲ್ಲಾಖ್ ಅನ್ನುವ ಯಹೂದಿ ಅಣ್ಣತಮ್ಮಂದಿರು. 1900ರಲ್ಲಿ ಮ್ಯೂನಿಕ್‌ನಲ್ಲಿ ಅಂಗಡಿ ತೆರೆದರು. 1910ರಲ್ಲಿ ಅಕ್ಟೋಬರ್‌ಫೆಸ್ಟ್‌ಗೆ ನೂರು ವರ್ಷ ತುಂಬಿದಾಗ ಮೆರವಣಿಗೆಗೆ ಉಡುಪು ಒದಗಿಸಿದವರೂ ಅವರೇ. 1938ರಲ್ಲಿ ನಾಜಿಗಳು ಅಂಗಡಿಯನ್ನು ಅವರಿಂದ ಕಿತ್ತುಕೊಂಡರು. ಅದೇ ವರ್ಷ ಆಸ್ಟ್ರಿಯಾದ ಸಾಲ್ಸ್‌ಬುರ್ಗ್‌ನಲ್ಲಿ ಯಹೂದಿಗಳು ಇಂಥ ಉಡುಪು ಹಾಕುವುದನ್ನೇ ನಿಷೇಧಿಸಿದರು. ಇನ್ಸ್‌ಬ್ರುಕ್‌ನಲ್ಲಿ ಗೆರ್ಟ್ರುಡ್ ಪೆಸೆಂಡೋರ್ಫರ್ ಅನ್ನುವ ನಾಜಿ ಅಧಿಕಾರಿ ಹಳ್ಳಿ ಉಡುಪುಗಳನ್ನು 'ಹೊಸದು' ಮಾಡುವ ಕೆಲಸ ಹಿಡಿದು, ಕಾಲರ್ ತೆಗೆಸಿ ಸೊಂಟ ಬಿಗಿ ಮಾಡಿಸಿದಳು. 'ತಲೆತಲಾಂತರದ ನಮೂನೆ' ಅಂತ ಯಾರಾದರೂ ಮಾರಿದರೆ ಯಾವ ತಲೆಮಾರು ಅಂತ ಕೇಳಬೇಕು, ಅಲ್ವಾ?

ಹಳೆಯ ಉಡುಪನ್ನೇ ನೋಡಬೇಕು ಅನ್ನುವವರಿಗೆ ಬೆನೆಡಿಕ್ಟ್‌ಬೊಯರ್ನ್‌ನಲ್ಲಿ ಮೇಲಿನ ಬವೇರಿಯಾ ಜಿಲ್ಲಾಡಳಿತದ ಟ್ರಾಖ್ಟ್ ಕೇಂದ್ರ ಇದೆ. ಅಲ್ಲಿಯ ಸಂಗ್ರಹ ದೊಡ್ಡದು. ನಾನು ಕೊನೆಗೆ ಕೊರಳೆಲುಬಿನಿಂದ ನಾಲ್ಕು ಬೆರಳು ಕೆಳಗೆ ನಿಲ್ಲುವ ಚೌಕ ಕತ್ತು ಇಟ್ಟೆ.

ಕಪ್ಪೆ ಬಾಯಿ

ಕತ್ತಿನ ಸುತ್ತ ಇರುವ ಸಣ್ಣ ಸಣ್ಣ ಬಾಯಿ ತೆರೆದ ನೆರಿಗೆಯ ಪಟ್ಟಿಗೆ 'ಫ್ರೋಶ್‌ಗೋಶರ್ಲ್' ಅನ್ನುತ್ತಾರೆ, ಕಪ್ಪೆ ಬಾಯಿ ಅಂತ. ಮಾಡುವುದು ತಾಳ್ಮೆಯ ಕೆಲಸ, ಆದರೆ ಕಷ್ಟವಲ್ಲ. ಬಟ್ಟೆಯನ್ನು 5 ಸೆಂ.ಮೀ. ಅಗಲದ ಪಟ್ಟಿ ಮಾಡಿ, ಎರಡೂ ಅಂಚನ್ನು ನಡುವಿಗೆ ಮಡಚಿ ಇಸ್ತ್ರಿ ಮಾಡಿದರೆ ಎರಡೂವರೆ ಸೆಂ.ಮೀ. ಪಟ್ಟಿ ಸಿಗುತ್ತದೆ. ಅದರಲ್ಲಿ ಒಂದಕ್ಕೊಂದು ತಾಗುವ ಹಾಗೆ ಬಾಕ್ಸ್ ನೆರಿಗೆ ಹಿಡಿದು, ನಡುವೆ ಉದ್ದಕ್ಕೂ ಒಂದು ಹೊಲಿಗೆ. ಬಾಕ್ಸ್ ನೆರಿಗೆಗೆ ಮೂರು ಪಟ್ಟು ಬಟ್ಟೆ ಬೇಕು. ನನ್ನ ಕತ್ತಿನ ಸುತ್ತಳತೆ 80 ಸೆಂ.ಮೀ., ಹಾಗಾಗಿ 240 ಸೆಂ.ಮೀ. ಪಟ್ಟಿ.

ಪಟ್ಟಿಯನ್ನು ಕತ್ತಿಗೆ ಹೊಲಿದ ಮೇಲೆ ಸೂಜಿ ದಾರ ಹಿಡಿಯಬೇಕು. ಒಂದು ನೆರಿಗೆಯ ಮೇಲಂಚಿನ ನಡುವನ್ನು ಚುಚ್ಚಿ, ಅದೇ ನೆರಿಗೆಯ ಕೆಳಂಚಿನ ನಡುವನ್ನೂ ಚುಚ್ಚಿ, ಎರಡನ್ನೂ ಎಳೆದು ಒಟ್ಟಿಗೆ ಕಟ್ಟಿದರೆ ಎರಡು ಮಗ್ಗುಲೂ ಉಬ್ಬಿ ಬಾಯಿ ತೆರೆಯುತ್ತದೆ. ಎಳೆದದ್ದು ಜಾಸ್ತಿಯಾದರೆ ಬಾಯಿ ಮುದುಡುತ್ತದೆ, ಕಡಿಮೆಯಾದರೆ ತೆರೆಯುವುದೇ ಇಲ್ಲ. ಚೌಕ ಕತ್ತಿನ ಮೂಲೆಯಲ್ಲಿ ಒಂದು ಬಾಯಿ ಸರಿಯಾಗಿ ಮೂಲೆಯ ಮೇಲೇ ಕೂರಬೇಕು. ಅದಕ್ಕೆ ಮೂಲೆಯಿಂದಲೇ ಶುರು ಮಾಡಿ, ಭುಜದ ಕಡೆ ಹೋಗುತ್ತಾ ನೆರಿಗೆಯನ್ನು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಿಕೊಂಡೆ.

ಲಂಗ: ಕೈಯಲ್ಲೇ ಎಳೆದ ನೆರಿಗೆ

ಇಡೀ ಉಡುಪಿನಲ್ಲಿ ಮಿಷನ್ನಿಗೆ ಬಿಡಬಾರದ ಕೆಲಸ ಇದ್ದರೆ ಇದೊಂದೇ. ಬೇರೆಲ್ಲ ಮಿಷನ್ನಿನಲ್ಲಿ ಹೊಲಿದರೂ ನಡೆಯುತ್ತದೆ. ಲಂಗದ ನೆರಿಗೆ ಮಾತ್ರ ಕೈಯದ್ದೇ ಆಗಬೇಕು.

80 ಸೆಂ.ಮೀ. ಅಗಲದ ನಾಲ್ಕು ತುಂಡುಗಳನ್ನು ಕಿನಾರೆಗೆ ಕಿನಾರೆ ಸೇರಿಸಿ ಹೊಲಿದೆ. ಕಿನಾರೆ ಇದ್ದರೆ ನೂಲು ಬಿಚ್ಚುವುದಿಲ್ಲ, ಅಂಚು ಕಟ್ಟುವ ಕೆಲಸವೇ ಇಲ್ಲ. ಸುತ್ತಳತೆ 308 ಸೆಂ.ಮೀ. ಬಂತು. ಸೊಂಟ 76 ಸೆಂ.ಮೀ. ಮುಂದೆ ಏಪ್ರನ್ ಬರುವ ಜಾಗದಲ್ಲಿ 12 ಸೆಂ.ಮೀ. ನೆರಿಗೆ ಇಲ್ಲದೆ ಬಿಡಬೇಕು, ಇಲ್ಲದಿದ್ದರೆ ಹೊಟ್ಟೆ ಉಬ್ಬಿದ ಹಾಗೆ ಕಾಣುತ್ತದೆ. ಉಳಿದ 296 ಸೆಂ.ಮೀ. ಬಟ್ಟೆ 64 ಸೆಂ.ಮೀ. ಸೊಂಟಕ್ಕೆ ಇಳಿಯಬೇಕು. ಒಂದು ನೆರಿಗೆಗೆ 2 ಸೆಂ.ಮೀ. ಬಟ್ಟೆ ಅಂತ ಹಿಡಿದರೆ 148 ನೆರಿಗೆ. ಒಂದೊಂದಕ್ಕೂ ಸೊಂಟದಲ್ಲಿ ಸಿಗುವ ಜಾಗ 4 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ.

ಗುರುತು ಹಾಕುವುದಕ್ಕೆ ಒಂದು ಉಪಾಯ ಇದೆ. ಮೇಲಂಚನ್ನು 4 ಸೆಂ.ಮೀ. ಒಳಕ್ಕೆ ಮಡಚಿ, ಆ ಮಡಿಕೆಯ ಮೇಲೆ ಒಳಮೈಯಲ್ಲಿ 1 ಸೆಂ.ಮೀ. ಚೌಕಳಿಯ ಹತ್ತಿ ಬಟ್ಟೆಯ ಪಟ್ಟಿ ಇಟ್ಟು ಕಚ್ಚಾ ಹೊಲಿಗೆ ಹಾಕಬೇಕು. ಚೌಕಳಿಯ ಗೆರೆಯೇ ಅಳತೆ. ಸೂಜಿ ಒಂದು ಗೆರೆಯಲ್ಲಿ ಇಳಿದು ಮುಂದಿನ ಗೆರೆಯಲ್ಲಿ ಮೇಲೆ ಬರಬೇಕು. ಪಟ್ಟಿಯಿಂದ ನೆರಿಗೆಗೆ ದಪ್ಪವೂ ಬರುತ್ತದೆ. ತೆಳು ಹತ್ತಿಯಾದರೆ ಅದಿಲ್ಲದೆ ನೆರಿಗೆ ನೆಟ್ಟಗೆ ನಿಲ್ಲುವುದೇ ಇಲ್ಲ. ಅಚ್ಚಿನ ಹೂಗಳನ್ನೇ ಗುರುತು ಮಾಡಿಕೊಳ್ಳಬಹುದಲ್ಲ ಅನ್ನಿಸಬಹುದು. ಕೈಯಚ್ಚಿನಲ್ಲಿ ಹೂವಿನ ಅಂತರ ಎಲ್ಲ ಕಡೆ ಒಂದೇ ಇರುವುದಿಲ್ಲ, ಹಾಗಾಗಿ ಅದನ್ನು ನಂಬುವ ಹಾಗಿಲ್ಲ.

ಒಟ್ಟು ನಾಲ್ಕು ಸಾಲು. ಮೊದಲನೆಯದು ಮಡಿಕೆಯಿಂದ ಅರ್ಧ ಸೆಂ.ಮೀ. ಕೆಳಗೆ, ಉಳಿದವು 1 ಸೆಂ.ಮೀ. ಅಂತರದಲ್ಲಿ. ದಾರ ಕಾಜಾ ದಾರದಷ್ಟು ಗಟ್ಟಿ ಇರಬೇಕು. ಜೇನುಮೇಣಕ್ಕೆ ಒಮ್ಮೆ ಉಜ್ಜಿದರೆ ಸಿಕ್ಕಾಗುವುದಿಲ್ಲ. ಮುಂಭಾಗದಿಂದ ಬೆನ್ನಿನ ನಡುವಿನ ತನಕ ಒಂದು ದಾರ, ಅಲ್ಲಿಂದ ಈಚೆಗೆ ಇನ್ನೊಂದು. ಇಡೀ ಸುತ್ತಿಗೆ ಒಂದೇ ದಾರ ಹಾಕಿದರೆ ಎಳೆಯುವಾಗ ತುಂಡಾಗುವ ಭಯ. ಮುಖ್ಯವಾದ ನಿಯಮ ಏನೆಂದರೆ ನಾಲ್ಕೂ ಸಾಲಿನ ಹೊಲಿಗೆ ಒಂದರ ಕೆಳಗೆ ಒಂದು ಬೀಳಬೇಕು. ಒಂದು ಸಾಲಿನಲ್ಲಿ ಒಂದು ಗೆರೆ ತಪ್ಪಿದರೆ ಅಲ್ಲಿಂದ ಮುಂದಿನ ನೆರಿಗೆಗಳೆಲ್ಲ ಓರೆಯಾಗುತ್ತವೆ.

ಎಳೆಯುವ ಹೊತ್ತು ನನಗೆ ಬಹಳ ಇಷ್ಟ. ನಾಲ್ಕೂ ದಾರದ ತುದಿಯನ್ನು ಒಟ್ಟಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಬಟ್ಟೆಯನ್ನು ನಿಧಾನಕ್ಕೆ ಹಿಂದೆ ತಳ್ಳುತ್ತಾ ಹೋದರೆ ಚಪ್ಪಟೆ ಬಟ್ಟೆ ಸಾಲಾಗಿ ಎದ್ದು ನಿಲ್ಲುತ್ತದೆ. ಪ್ರತಿ ನೆರಿಗೆಯನ್ನೂ ಉಗುರಿನಿಂದ ಕೆಳಕ್ಕೆ ನೀವಿ ನೇರ ಮಾಡಿದೆ. ಮೇಲಿನಿಂದ ಆವಿ ಮಾತ್ರ, ಇಸ್ತ್ರಿ ಪೆಟ್ಟಿಗೆ ತಾಗಬಾರದು.

ಲೈಬ್‌ಗೆ ಸೇರಿಸುವುದೂ ಕೈಯಲ್ಲೇ. ಲೈಬ್‌ನ ಕೆಳಂಚನ್ನು ಪೈಪಿಂಗ್ ಹಾಕಿ ಮುಗಿಸಿಟ್ಟುಕೊಂಡಿದ್ದೆ. ಲಂಗದ ಮೇಲಂಚನ್ನು ಅದಕ್ಕೆ ಎದುರುಬದುರು ಹಿಡಿದು, ಪ್ರತಿ ನೆರಿಗೆಯ ತಲೆಗೂ ಎರಡೆರಡು ಸುತ್ತು ಹೊಲಿಗೆ. ಮೊದಲು ಸೊಂಟವನ್ನು ಎಂಟು ಭಾಗ ಮಾಡಿ ಗುರುತು ಹಾಕಿಕೊಂಡರೆ ನೆರಿಗೆ ಒಂದೇ ಕಡೆ ಗುಂಪಾಗುವುದಿಲ್ಲ. ಮುಗಿದ ಮೇಲೆ ಎಲ್ಲಕ್ಕಿಂತ ಕೆಳಗಿನ ಸಾಲಿನ ದಾರ ತೆಗೆದೆ, ಉಳಿದ ಮೂರು ಒಳಗೇ ಇವೆ. ಹೀಗೆ ಹೊಲಿದ ಲಂಗ ಸೊಂಟದಿಂದ ಹೊರಕ್ಕೆ ಚಿಮ್ಮಿ, ಆಮೇಲೆ ಕೆಳಗಿಳಿಯುತ್ತದೆ. ಸೊಂಟ ದೊಡ್ಡದು ಮಾಡಬೇಕಾದರೆ ದಾರ ಸಡಿಲಿಸಿ ನೆರಿಗೆ ಸ್ವಲ್ಪ ಬಿಡಿಸಿದರೆ ಆಯಿತು. ಬಟ್ಟೆಯಲ್ಲಿ ಒಂದು ಕತ್ತರಿ ಗಾಯವೂ ಇಲ್ಲ. ಮಿಷನ್ನಿನಲ್ಲಿ ಚಪ್ಪಟೆ ಒತ್ತಿ ಹೊಲಿದ ನೆರಿಗೆಯಲ್ಲಿ ಇಷ್ಟು ಸಲೀಸಾಗುವುದಿಲ್ಲ.

ಲಂಗದ ಸೀಳು ಎಡ ಮುಂಭಾಗದಲ್ಲಿ, ಏಪ್ರನ್ ಮರೆಯಲ್ಲಿ. ಅಲ್ಲೇ ಒಂದು ಜೇಬು. ಜೇಬಿಲ್ಲದ ಡಿರ್ಂಡಲ್ ನನಗೆ ಅರ್ಥವೇ ಆಗುವುದಿಲ್ಲ.

ಕೆಳಂಚು

ಲಂಗದ ಉದ್ದಕ್ಕೆ ಬವೇರಿಯಾದಲ್ಲಿ ಹೇಳುವ ಮಾತೊಂದಿದೆ, ನೆಲದಿಂದ ಒಂದು ಲೀಟರಿನ ಬಿಯರ್ ಮಗ್ಗಿನಷ್ಟು ಎತ್ತರ ಅಂತ. ನಾನು ಅದನ್ನೇ ಇಟ್ಟುಕೊಂಡೆ. ಒಳಗಡೆ ಅಂಚಿನ ಸುತ್ತ 15 ಸೆಂ.ಮೀ. ಅಗಲದ ಕೆಂಪು ಹತ್ತಿ ಪಟ್ಟಿ ಹೊಲಿದೆ. ಅದಕ್ಕೆ 'ಕಿಟ್ಟಲ್‌ಬ್ಲೆಖ್' ಅನ್ನುತ್ತಾರೆ. ಸೀರೆಗೆ ಫಾಲ್ ಹಚ್ಚುತ್ತೇವಲ್ಲ, ಕೆಲಸ ಅದರದ್ದೇ: ಭಾರ ಕೊಟ್ಟು ನೆರಿಗೆ ಇಳಿಬಿಡುವುದು, ಅಂಚು ಸವೆಯದ ಹಾಗೆ ಕಾಯುವುದು. ನಡೆಯುವಾಗ ಆಗಾಗ ಕೆಂಪು ಇಣುಕುವುದು ಲಾಭ.

ತೀರಾ ತುದಿಗೆ 'ಬೇಸನ್‌ಲಿಟ್ಸ'. ಒಂದು ಕಡೆ ಬ್ರಷ್ಷಿನಂತೆ ಸಣ್ಣ ಕುಚ್ಚಿರುವ ಪಟ್ಟಿ ಅದು. ಅಂಚಿನಿಂದ 1 ಮಿ.ಮೀ. ಕೆಳಗೆ ಇಣುಕುವ ಹಾಗೆ ಹೊಲಿಯಬೇಕು. ನೆಲ, ಮೆಟ್ಟಿಲು, ಶೂ ಎಲ್ಲ ಉಜ್ಜುವುದು ಇದಕ್ಕೆ. ಇದು ಸವೆದರೆ ಬಿಚ್ಚಿ ಬೇರೆ ಹಾಕಬಹುದು, ಬ್ಲೌಡ್ರುಕ್ ಸವೆದರೆ ಏನು ಮಾಡುವುದು? ಪಟ್ಟಿಯ ಮೇಲೆ, ಒಳಮೈಯಲ್ಲಿ, 2 ಸೆಂ.ಮೀ. ಆಳದ ಒಂದು ಗುಪ್ತ ಮಡಿಕೆಯನ್ನೂ ಹಿಡಿದಿದ್ದೇನೆ. ಬಿಚ್ಚಿದರೆ ಲಂಗ 4 ಸೆಂ.ಮೀ. ಉದ್ದವಾಗುತ್ತದೆ.

ಉಳಿದದ್ದು

ಮುಂದೆ ಜಿಪ್ ಹಾಕಲಿಲ್ಲ. 2 ಸೆಂ.ಮೀ.ಗೆ ಒಂದರಂತೆ ಹುಕ್ಕು. ಒಂದೇ ಬದಿಗೆ ಎಲ್ಲ ಹುಕ್ಕು ಹಾಕದೆ, ಒಂದು ಹುಕ್ಕು ಒಂದು ಕೊಂಡಿ ಅಂತ ಎರಡೂ ಬದಿಗೆ ಬದಲಿಸುತ್ತಾ ಹೊಲಿದೆ. ಹಾಗಿದ್ದರೆ ಉಸಿರು ಎಳೆದಾಗ ತಾನಾಗಿ ಕಳಚುವುದಿಲ್ಲ. ಹಾಕಿಕೊಳ್ಳುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ ಅಷ್ಟೇ.

ಬ್ಲೌಸ್ ಬಗ್ಗೆ ಹೇಳುವಂಥದ್ದು ಏನಿಲ್ಲ. ಎದೆಯ ಕೆಳಗೇ ನಿಲ್ಲುವ ಬಿಳಿ ಹತ್ತಿ ಬ್ಲೌಸ್, ಪುಟ್ಟ ಪಫ್ ತೋಳು. ಏಪ್ರನ್ ಬಿಳಿ ಕೆಂಪು ಪಟ್ಟೆಯದು, ಲಂಗಕ್ಕಿಂತ 3 ಸೆಂ.ಮೀ. ಗಿಡ್ಡ. ಗಂಟು ಎಡಕ್ಕಿದ್ದರೆ ಒಂಟಿ, ಬಲಕ್ಕಿದ್ದರೆ ಜೋಡಿ ಇದ್ದಾಳೆ ಅನ್ನುವ ಮಾತನ್ನು ಅಕ್ಟೋಬರ್‌ಫೆಸ್ಟ್‌ಗೆ ಬಂದವರೆಲ್ಲ ಕೇಳಿರುತ್ತಾರೆ. ಬಿಯರ್ ಡೇರೆಯ ಹೊರಗೆ ಅದಕ್ಕೆ ಅಷ್ಟು ಬೆಲೆ ಕೊಡಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ. ನಾನು ಕೈಗೆ ಸಲೀಸಾದ ಕಡೆ ಕಟ್ಟುತ್ತೇನೆ.

ಲಂಗ ಭಾರ. ಹ್ಯಾಂಗರ್‌ಗೆ ಭುಜದಿಂದ ತೂಗಿದರೆ ಲೈಬ್ ಎಳೆದುಕೊಂಡು ಬರುತ್ತದೆ. ಅದಕ್ಕೆ ಸೊಂಟದ ಒಳಗೆ ಎರಡು ಉದ್ದ ನಾಡಾ ಹೊಲಿದಿದ್ದೇನೆ, ತೂಗುವುದು ಅವುಗಳಿಂದ. ಒಗೆದ ಮೇಲೆ ನೆರಿಗೆಯನ್ನು ಒದ್ದೆ ಇರುವಾಗಲೇ ಕೈಯಿಂದ ನೀವಿ, ನೆರಳಲ್ಲಿ ಒಣಗಿಸಬೇಕು. ಬಿಸಿಲು ನೀಲಿಯನ್ನು ತಿನ್ನುತ್ತದೆ.

ಕತ್ತರಿಸಿ ಉಳಿದ ಬ್ಲೌಡ್ರುಕ್‌ನ ದೊಡ್ಡ ತುಂಡೊಂದನ್ನು ಜೇಬಿನ ಹಿಂದೆ ಕಚ್ಚಾ ಹೊಲಿಗೆ ಹಾಕಿ ಇಟ್ಟಿದ್ದೇನೆ. ಪ್ರತಿ ಸಲ ಲಂಗದ ಜೊತೆ ಅದೂ ಒಗೆತಕ್ಕೆ ಹೋಗುತ್ತದೆ. ಮುಂದೆ ಎಲ್ಲಾದರೂ ಹರಿದು ತೇಪೆ ಹಾಕಬೇಕಾದರೆ ಬಣ್ಣ ಹೆಚ್ಚು ಕಡಿಮೆ ಹೊಂದುತ್ತದೆ. ಬೀರುವಿನಲ್ಲಿ ಮಡಚಿಟ್ಟ ಹೊಸ ತುಂಡಾದರೆ ಕಡು ನೀಲಿಯಾಗಿ ಎದ್ದು ಕಾಣುತ್ತದೆ.